ಮಲ್ಲತ್ತಹಳ್ಳಿಯಿಂದ ಕ್ರಿ.ಶ. 43ರವರೆಗೆ

ಆಷಾಢದ ಗಾಳಿ ಮಲ್ಲತ್ತಹಳ್ಳಿ ಕೆರೆಯ ನೀರನ್ನು ಒಂದೇ ಸಮನೆ ಮೂಡಣದ ದಡಕ್ಕೆ ತಳ್ಳುತ್ತಿದೆ. ಏರಿಯ ಮೇಲೆ ನಿಂತರೆ ಅಂಗಿ ಪಟಪಟ ಬಡಿದುಕೊಳ್ಳುತ್ತದೆ, ಕಿವಿ ತುಂಬ ಹೋ ಎಂಬ ಸದ್ದು. ನಡುನೀರಿನ ಗೂಟದ ಮೇಲೆ ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳಲು ನೋಡುತ್ತಿದೆ. ಗಾಳಿ ಅದನ್ನು ನಿಲ್ಲಗೊಡುವುದಿಲ್ಲ. ಜೊಂಡಿನ ಮರೆಯಲ್ಲಿ ಗುಳುಮುಳುಕಗಳು ಮುಳುಗಿ ಏಳುತ್ತಿವೆ. ಬೂದಿ ಮೋಡ ಕೆಂಗೇರಿಯ ಕಡೆಯಿಂದ ಹೊರಟು ನಾಗರಬಾವಿಯ ಮೇಲೆ ಹಾದು ಹೋಗುತ್ತದೆ, ಎರಡು ಹನಿ ಚೆಲ್ಲಿ ಮತ್ತೆ ಬಿಸಿಲು. ಕಲ್ಲುಬೆಂಚಿನ ಮೇಲೆ ಮಫ್ಲರ್ ಸುತ್ತಿ ಕೂತ ಹಿರಿಯರೊಬ್ಬರು ನನ್ನ ಹಾರುವ ಕೂದಲನ್ನು ನೋಡಿ ಮಾತಿಗಿಳಿಯುತ್ತಾರೆ.

"ಈ ಗಾಳಿ ಬೀಸ್ಲೇಬೇಕು ಸ್ವಾಮಿ. ಗಾಳಿ ಬಿದ್ದೋಯ್ತು ಅಂದ್ರೆ ಮಳೆ ಕೈ ಕೊಡ್ತು ಅಂತ್ಲೇ ಲೆಕ್ಕ. ನಮ್ಮಪ್ಪ ಹೊಲದಲ್ಲಿ ನಿಂತು ಮಣ್ಣು ತೂರಿ ನೋಡೋರು, ಯಾವ ಕಡೆ ಹೋಗ್ತದೆ ಅಂತ."

"ಇಲ್ಲೇ ಹೊಲ ಇತ್ತಾ ತಾತ?"

"ಮತ್ತೆ? ಆ ಬಿಲ್ಡಿಂಗ್ ಕಾಣ್ತದಲ್ಲ, ಅದರ ಕೆಳಗೆ ರಾಗಿ. ಏರಿ ಕೆಳಗೆಲ್ಲ ಭತ್ತ."

ಮಣ್ಣು ತೂರಿ ಗಾಳಿ ಓದಿದ ಆ ರೈತನನ್ನು ನೆನೆಯುತ್ತ ನಾನು ಪಡುವಣಕ್ಕೆ ಮುಖ ಮಾಡುತ್ತೇನೆ. ಈ ಗಾಳಿ ಅರಬ್ಬಿ ಸಮುದ್ರದಿಂದ ಹೊರಟು, ಘಟ್ಟ ಹತ್ತಿ, ಮಳೆಯ ಬಹುಪಾಲನ್ನು ಅಲ್ಲೇ ಸುರಿದು, ಹಗುರಾಗಿ ಇಲ್ಲಿಗೆ ಬಂದಿದೆ. ಎರಡು ಸಾವಿರ ವರ್ಷಗಳ ಹಿಂದೆ ಇದೇ ಗಾಳಿಯನ್ನು ಇನ್ನೊಂದು ಜನ ಓದುತ್ತಿದ್ದರು. ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ಗ್ರೀಕ್ ನಾವಿಕರು ಅದನ್ನು ಹಿಪ್ಪಾಲಸ್ ಎಂದು ಕರೆದರು. ನಡುಬೇಸಗೆಯಲ್ಲಿ ಬೆರೆನಿಕೆ ಬಂದರಿನಿಂದ ಹಾಯಿ ಬಿಚ್ಚಿ, ಕೆಂಪು ಸಮುದ್ರದ ಬಾಯಲ್ಲಿರುವ ಓಕೆಲಿಸ್ ತಲುಪಿ, ಅಲ್ಲಿಂದ ಈ ಗಾಳಿಗೆ ಬೆನ್ನು ಕೊಟ್ಟರೆ ನಲವತ್ತು ದಿನಕ್ಕೆ ಕೇರಳದ ಮುಜಿರಿಸ್ ಎಂದು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಮೆಣಸು, ಮುತ್ತು, ದಂತ, ನವಿರು ಹತ್ತಿಬಟ್ಟೆ ಕೊಳ್ಳಲು ಆ ಹಡಗುಗಳ ಹೊಟ್ಟೆಯಲ್ಲಿ ಬೆಳ್ಳಿ ಬಂಗಾರ ಬರುತ್ತಿತ್ತು. ಆ ಬೆಳ್ಳಿಯಲ್ಲಿ ಒಂದಷ್ಟು ಸಮುದ್ರತೀರದಲ್ಲೇ ನಿಲ್ಲದೆ ಈ ಮೂರು ಸಾವಿರ ಅಡಿ ಎತ್ತರದ ಕೆಂಪು ನೆಲಕ್ಕೆ ಏರಿ ಬಂತು. ನಾನು ನಿಂತ ಈ ಏರಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಯಶವಂತಪುರದಲ್ಲಿ, 1891ರಲ್ಲಿ, ರೈಲು ಹಾದಿಗಾಗಿ ನೆಲ ಅಗೆಯುವಾಗ ಅದು ಸಿಕ್ಕಿತು. 163 ಬೆಳ್ಳಿ ನಾಣ್ಯಗಳು. ಅವುಗಳ ಮೇಲೆ ಆಗಸ್ಟಸ್, ಟಿಬೇರಿಯಸ್, ಕ್ಲಾಡಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ ಮುಖ.

ಕ್ಲಾಡಿಯಸ್ ಆಳಿದ್ದು ಕ್ರಿ.ಶ. 41ರಿಂದ 54. ಆ ವರ್ಷಗಳಲ್ಲಿ ಒಂದನ್ನು ಹಿಡಿದು, ಅದರ ಬೆಳಕಿನಲ್ಲಿ ಮಲ್ಲತ್ತಹಳ್ಳಿಯಿಂದ ಯಶವಂತಪುರದವರೆಗೆ ಹೋಗಬೇಕೆಂಬುದು ನನ್ನ ಬಹುದಿನದ ಆಸೆ. ಕ್ರಿ.ಶ. 43 ನನ್ನ ವರ್ಷ. ಶಾಲಿವಾಹನ ಶಕೆ ಶುರುವಾಗಲು ಇನ್ನೂ 35 ವರ್ಷ ಇದೆ. ಹಲ್ಮಿಡಿಯ ಕಲ್ಲಿನ ಮೇಲೆ ಕನ್ನಡ ಮೂಡಲು ಸುಮಾರು ನಾಲ್ಕು ನೂರು ವರ್ಷ. ಬನ್ನಿ, ಜೊತೆಗೆ ನಡೆಯೋಣ.

ಮೊದಲು ಈ ನೋಟವನ್ನೇ ಆ ವರ್ಷಕ್ಕೆ ತಿರುಗಿಸಬೇಕು. ಏರಿ ಇಳಿದು ಊರ ರಸ್ತೆಗೆ ಬರುತ್ತ ಒಂದೊಂದೇ ಮರವನ್ನು ಕಣ್ಣಿಂದ ಅಳಿಸುತ್ತೇನೆ. ಕೊಡೆ ಹಿಡಿದ ಆ ಮಳೆಮರ ಅಮೆರಿಕದಿಂದ ಬಂದದ್ದು, ಹೋಗಲಿ. ಗುಲ್‌ಮೊಹರ್ ಮಡಗಾಸ್ಕರಿನದು. ನೀಲಗಿರಿ ಆಸ್ಟ್ರೇಲಿಯಾದ್ದು. ವಸಂತದಲ್ಲಿ ಇಡೀ ಬೆಂಗಳೂರನ್ನು ಗುಲಾಬಿ ಮಾಡುವ ಟಬೂಬಿಯಾ ಕೂಡ ಹೊರಗಿನದೇ. ಅಳಿಸಿದ ಮೇಲೆ ಏನುಳಿಯಿತು? ಹೊಂಗೆ, ಬೇವು, ಆಲ, ಅತ್ತಿ, ಮುತ್ತುಗ, ಜಾಲಿ. ಕೆರೆಯೂ ಹೋಗಬೇಕು, ಏಕೆಂದರೆ ಕೆರೆ ಮನುಷ್ಯ ಕಟ್ಟಿದ್ದು; ಅದರ ಜಾಗದಲ್ಲಿ ವೃಷಭಾವತಿಯ ಕಣಿವೆಯತ್ತ ಹರಿಯುವ ಒಂದು ಹಳ್ಳ, ಹಳ್ಳದ ದಂಡೆಯಲ್ಲಿ ಜೊಂಡು, ಮಣ್ಣು ಕೊರೆದ ಕಡೆ ಹಣಿಕುವ ಬಂಡೆ. ಆ ಬಂಡೆ ಮಾತ್ರ ಇದ್ದಂತೇ ಇದೆ. ಬೆಂಗಳೂರಿನ ಅಡಿಗಲ್ಲಿನ ವಯಸ್ಸು ಕೋಟಿಗಳಲ್ಲಿ ಹೇಳುವಂಥದ್ದು, ಸುಮಾರು ಮುನ್ನೂರು ಕೋಟಿ ವರ್ಷ. ಅದಕ್ಕೆ ಕ್ಲಾಡಿಯಸನೂ ನಾವೂ ಒಂದೇ ದಿನದವರು.

ಜನ ಇದ್ದರು. ಚಿಕ್ಕಜಾಲದಲ್ಲಿ, ಸಾವನದುರ್ಗದ ಬುಡದಲ್ಲಿ, ಬೆಂಗಳೂರಿನ ಸುತ್ತಲಿನ ಬಯಲುಗಳಲ್ಲಿ ಸಿಕ್ಕ ಕಲ್ಗೋರಿಗಳು ಅವರ ಗುರುತು. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಸತ್ತವರಿಗೆ ಮನೆ ಕಟ್ಟುತ್ತಿದ್ದರು, ಜೊತೆಗೆ ಕಪ್ಪು ಕೆಂಪು ಮಡಕೆ, ಕಬ್ಬಿಣದ ಆಯುಧ ಇಡುತ್ತಿದ್ದರು. ಬಡಗಲ ಚಿತ್ರದುರ್ಗದ ಸೀಮೆಯಲ್ಲಿ ಅಶೋಕನ ಶಾಸನ ಆಗಲೇ ಮುನ್ನೂರು ವರ್ಷ ಹಳತು. ಅಲ್ಲಿನ ಚಂದ್ರವಳ್ಳಿಯ ಉತ್ಖನನದಲ್ಲಿ ಸಾತವಾಹನರ ನಾಣ್ಯಗಳ ಜೊತೆ ಆಗಸ್ಟಸ್, ಟಿಬೇರಿಯಸರ ದಿನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ.

ಕಲಾಗ್ರಾಮದ ಗೇಟು ದಾಟುತ್ತಿದ್ದಂತೆ ಗಾಳಿಯ ಸದ್ದಿನ ಒಳಗಿಂದ ಇನ್ನೊಂದು ಸದ್ದು ಏಳುತ್ತದೆ. ತಮಟೆ. ಮರಗಳ ಆಚೆ ನಾಲ್ಕೈದು ಹುಡುಗರು ವರಸೆ ಅಭ್ಯಾಸ ಮಾಡುತ್ತಿದ್ದಾರೆ. ಒಬ್ಬ ನುಡಿಸುವುದು, ಉಳಿದವರು ಅದನ್ನು ಹಿಡಿದು ತಿರುಗಿ ಕೊಡುವುದು. ಇದು ನಾಟಕದವರ ತಾಣ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇಲ್ಲಿದೆ. ಕವಿಗಳ ನೆಲವೂ ಹೌದು: ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ, ಸಿದ್ಧಲಿಂಗಯ್ಯ, ಮೂವರ ಅಂತ್ಯಕ್ರಿಯೆಯೂ ನಡೆದದ್ದು ಈ ಆವರಣದಲ್ಲೇ. ಹೊಂಗೆಯ ನೆರಳಿನಲ್ಲಿ ಒಂದು ಗಳಿಗೆ ಸುಮ್ಮನೆ ನಿಲ್ಲಬೇಕು ಅನಿಸುತ್ತದೆ. ತಮಟೆ ಬಿಡುವುದಿಲ್ಲ. ಚರ್ಮವನ್ನು ಬೆಂಕಿಗೆ ಕಾಯಿಸಿ ತಂದ ಹುಡುಗನ ಮುಖದಲ್ಲಿ ಬೆವರು, ಕೋಲು ತಗುಲಿದ ಕಡೆಯೆಲ್ಲ ನೆಲ ಗುನುಗಿದ ಅನುಭವ.

ಈ ಬಡಿತದ ಹಿಂದೆ ನನಗೆ ಕ್ರಿ.ಶ. 43ರ ಇನ್ನೊಂದು ವಾದ್ಯ ಕೇಳುತ್ತದೆ. ಇಂದಿನ ಉತ್ತರ ವಿಯೆಟ್ನಾಂನ ಜನ ಎತ್ತರದ ಕಂಚಿನ ನಗಾರಿಗಳನ್ನು ಎರಕ ಹೊಯ್ಯುತ್ತಿದ್ದರು. ಮೇಲ್ಮೈಯ ನಟ್ಟನಡುವೆ ನಕ್ಷತ್ರ, ಸುತ್ತ ಹಕ್ಕಿಗಳ ಸಾಲು, ಗರಿ ತೊಟ್ಟ ದೋಣಿಕಾರರು, ಕೆಲವು ನಗಾರಿಗಳ ಅಂಚಿನಲ್ಲಿ ಕಂಚಿನ ಕಪ್ಪೆಗಳು. ಮಳೆಗಾಗಿ ಕಪ್ಪೆ ಮದುವೆ ಮಾಡುವ ನಮ್ಮ ಹಳ್ಳಿಯವರು ಆ ಕಪ್ಪೆಗಳನ್ನು ಕಂಡರೆ ಬೇರೆ ವಿವರಣೆ ಕೇಳಲಾರರು. ಆ ನಾಡನ್ನು ಆಗ ಚೀನಾದ ಹಾನ್ ಸಾಮ್ರಾಜ್ಯ ಆಳುತ್ತಿತ್ತು. ಕ್ರಿ.ಶ. 40ರಲ್ಲಿ ತ್ರುಂಗ್ ತ್ರಾಕ್, ತ್ರುಂಗ್ ನೀ ಎಂಬ ಅಕ್ಕತಂಗಿಯರು ಹಾನ್ ಅಧಿಕಾರಿಯ ಕ್ರೌರ್ಯದ ವಿರುದ್ಧ ಎದ್ದರು. 65 ಕೋಟೆ ಊರುಗಳು ಅವರ ಕೈಸೇರಿದವು, ಅಕ್ಕ ರಾಣಿಯಾದಳು. ಚಕ್ರವರ್ತಿ ಗುವಾಂಗ್‌ವು ತನ್ನ ಹಿರಿಯ ಸೇನಾನಿ ಮಾ ಯುಆನ್‌ನನ್ನು ಕಳಿಸಿದ. 43ರಲ್ಲಿ ಅಕ್ಕತಂಗಿಯರು ಸೋತರು. ಅವರ ತಲೆಗಳು ರಾಜಧಾನಿ ಲುವೋಯಾಂಗ್‌ಗೆ ಹೋದವೆಂದು ಚೀನೀ ಇತಿಹಾಸ ಹೇಳುತ್ತದೆ. ಇಲ್ಲ, ಇಬ್ಬರೂ ಕೈ ಹಿಡಿದು ನದಿಗೆ ಹಾರಿದರು ಎನ್ನುತ್ತದೆ ವಿಯೆಟ್ನಾಂನ ಜನರ ಬಾಯಿ. ಇವತ್ತಿಗೂ ಅಲ್ಲಿನ ನಗರಗಳಲ್ಲಿ ಆ ಸೋದರಿಯರ ಹೆಸರಿನ ಬೀದಿಗಳಿವೆ, ದೇವಾಲಯಗಳಿವೆ. ಗೆದ್ದ ಮಾ ಯುಆನ್ ಆ ನಾಡಿನ ಕಂಚಿನ ನಗಾರಿಗಳನ್ನು ಕರಗಿಸಿ ಕುದುರೆಯ ವಿಗ್ರಹ ಎರಕ ಹೊಯ್ಯಿಸಿದ, ಅದನ್ನು ಚಕ್ರವರ್ತಿಗೆ ಒಪ್ಪಿಸಿದ. ಒಂದು ಜನದ ಸದ್ದನ್ನೇ ಕರಗಿಸಿಬಿಡುವುದು! ತಮಟೆಯ ಪಕ್ಕ ನಿಂತು ಇದನ್ನು ನೆನೆದರೆ ಎದೆ ಹಿಂಡುತ್ತದೆ.

ಆದರೆ ಅದೇ ಮಾ ಯುಆನ್ ಆಡಿದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಯುದ್ಧದ ನಡುವೆ, ಕೆಳಗೆ ನೆರೆ, ಮೇಲೆ ಮಂಜು, ವಿಷದ ಹಬೆ ಏಳುತ್ತಿದ್ದ ದಿನಗಳಲ್ಲಿ ತಲೆಯೆತ್ತಿ ನೋಡಿದರೆ ಹಾರುತ್ತಿದ್ದ ಹದ್ದುಗಳು ತಪತಪನೆ ನೀರಿಗೆ ಬೀಳುತ್ತಿದ್ದವೆಂದು ಆತ ಆಮೇಲೆ ತನ್ನ ಅಧಿಕಾರಿಗಳಿಗೆ ಹೇಳಿದ. ಸಣ್ಣ ಊರಲ್ಲಿ ನೆಮ್ಮದಿಯಾಗಿ ಬಾಳಬಾರದೇ ಎಂದು ತಮ್ಮನ ವರಸೆಯವನೊಬ್ಬ ಹಿಂದೊಮ್ಮೆ ಹೇಳಿದ್ದ ಬುದ್ಧಿಮಾತು ಅವನಿಗೆ ಆ ಹೊತ್ತಿನಲ್ಲಿ ನೆನಪಾಯಿತಂತೆ. ನಾನೂ ತಲೆಯೆತ್ತುತ್ತೇನೆ. ಕಲಾಗ್ರಾಮದ ಮೇಲೆ, ಆಷಾಢದ ಗಾಳಿಯಲ್ಲಿ ರೆಕ್ಕೆ ಅಲುಗಿಸದೆ ನಾಲ್ಕು ಹದ್ದುಗಳು ನಿಂತಿವೆ.

ಅದೇ ವರ್ಷ ಲುವೋಯಾಂಗ್‌ನಲ್ಲಿ ಇನ್ನೊಂದು ಘಟನೆ. ಹಳೆಯ ಯುವರಾಜ ಪಟ್ಟ ಬಿಟ್ಟುಕೊಟ್ಟು, ಅವನ ತಮ್ಮನಿಗೆ ಅದು ಸಂದಿತು. ಮುಂದೆ ಮಿಂಗ್ ಎಂಬ ಹೆಸರಿನಿಂದ ಚಕ್ರವರ್ತಿಯಾದವನು ಈತ. ಹೊನ್ನಿನ ಮೈಯ ಪುರುಷನನ್ನು ಕನಸಿನಲ್ಲಿ ಕಂಡು, ಪಡುವಣಕ್ಕೆ ದೂತರನ್ನು ಕಳಿಸಿ ಬುದ್ಧನ ಧರ್ಮವನ್ನು ಬರಮಾಡಿಕೊಂಡನೆಂದು ಚೀನಾದ ಪರಂಪರೆ ನೆನೆಯುವುದು ಇವನನ್ನೇ.

ಹೊಟ್ಟೆ ಹಸಿದಿದೆ. ಜ್ಞಾನಭಾರತಿಯ ಕಾಡಿನ ಅಂಚು ಹಿಡಿದು, ಅಂಬೇಡ್ಕರ್ ತಾಂತ್ರಿಕ ಕಾಲೇಜಿನ ಮಕ್ಕಳ ಗುಂಪಿನ ನಡುವೆ ದಾರಿ ಮಾಡಿಕೊಂಡು ರಿಂಗ್ ರಸ್ತೆಯ ಕಡೆ ನಡೆದರೆ ಮುದ್ದೆ ಊಟದ ಪುಟ್ಟ ಹೋಟೆಲು. ಸ್ಟೀಲ್ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ, ಹುರಳಿಕಾಳಿನ ಸಾರು, ಒಂದು ತುಂಡು ಈರುಳ್ಳಿ.

"ಸಾರು ಇನ್ನೊಂಚೂರು ಹಾಕ್ಲಾ ಅಣ್ಣ? ಇವತ್ತು ಶೀತ ಗಾಳಿ ಅಂತ ಕರಿಮೆಣಸು ಜಾಸ್ತಿ ಹಾಕಿವ್ನಿ" ಎನ್ನುತ್ತಾರೆ ಬಡಿಸುವ ಅಕ್ಕ.

ಆಕೆ ಇತಿಹಾಸದ ಬಾಗಿಲನ್ನೇ ತೆರೆದಿದ್ದಾರೆ. ಈ ತಟ್ಟೆಯನ್ನೂ ಕ್ರಿ.ಶ. 43ಕ್ಕೆ ಒಯ್ಯೋಣ. ಸಾರಿಗೆ ಬಣ್ಣ ಕೊಟ್ಟ ಟೊಮೆಟೊ ಆಗ ಇಲ್ಲಿಲ್ಲ, ಒಣಮೆಣಸಿನಕಾಯಿ ಇಲ್ಲ. ಎರಡೂ ಅಮೆರಿಕದವು, ಬರಲು ಇನ್ನೂ ಸಾವಿರದ ಐನೂರು ವರ್ಷ. ಹುರಳಿ ನಮ್ಮ ದಖ್ಖನ್ನಿನ ನೆಲದ ಸ್ವಂತ ಮಗು, ಹೊಸಶಿಲಾಯುಗದಿಂದಲೂ ಇಲ್ಲಿನ ಬೆಳೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಅದೂ ಬಲು ಹಿಂದೆಯೇ ಕಡಲು ದಾಟಿ ನಮ್ಮದಾಯಿತು. ಖಾರಕ್ಕೆ ಇದ್ದದ್ದು ಈ ಕರಿಮೆಣಸು. ಇದಕ್ಕಾಗಿಯೇ ರೋಮಿನ ಬೆಳ್ಳಿ ಹಡಗು ಹತ್ತಿತು. ಪ್ಲಿನಿ ಕೊಟ್ಟ ದರಪಟ್ಟಿಯಲ್ಲಿ ಒಂದು ಪೌಂಡ್ ಕರಿಮೆಣಸಿಗೆ 4 ದಿನಾರಿಯಸ್, ಬಿಳಿಮೆಣಸಿಗೆ 7, ಹಿಪ್ಪಲಿಗೆ 15. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್‌ಗಳನ್ನು, ಅಂದರೆ ಸುಮಾರು 1.25 ಕೋಟಿ ದಿನಾರಿಯಸ್‌ಗಳನ್ನು, ಹೀರಿಕೊಳ್ಳುತ್ತದೆಂದು ಆತ ಗೋಳಾಡಿದ್ದಾನೆ. ಅವನ ದರದಲ್ಲಿ ಲೆಕ್ಕ ಹಾಕಿದರೆ ಯಶವಂತಪುರದ ಇಡೀ ಗಂಟಿಗೆ ರೋಮಿನ ಪೇಟೆಯಲ್ಲಿ ದಕ್ಕುತ್ತಿದ್ದುದು ಹದಿಮೂರು ಕೆ.ಜಿ.ಯಷ್ಟು ಕರಿಮೆಣಸು. ಘಟ್ಟದ ಕಾಡಿನಲ್ಲಿ ಬಳ್ಳಿ ಹಬ್ಬಿ ತಾನಾಗಿ ಬಿಡುವ ಕಾಳು! ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗುತ್ತೇನೆ. ಗಂಟಲಲ್ಲಿ ಬಿಸಿ ಇಳಿಯುತ್ತದೆ. ಒಂದು ಸಾಮ್ರಾಜ್ಯ ಇದಕ್ಕೆ ಮರುಳಾಯಿತೆಂಬುದನ್ನು ನಾಲಗೆ ಒಪ್ಪಿಕೊಳ್ಳುತ್ತದೆ.

ರಿಂಗ್ ರಸ್ತೆಯ ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿದೆ. ನಾಗರಬಾವಿ ಹಿಂದೆ ಸರಿಯಿತು, ಸುಮನಹಳ್ಳಿಯ ಮೇಲುಸೇತುವೆ, ಅದರ ಕೆಳಗೆ ಮಾಗಡಿ ರಸ್ತೆಯ ಲಾರಿಗಳ ಹಾರ್ನು, ಹೂವಿನ ಬುಟ್ಟಿ ಹೊತ್ತು ಹತ್ತಿದ ಹೆಂಗಸರ ಕನಕಾಂಬರದ ಕೇಸರಿ. ಬಸ್ಸು ಏರಿ ಇಳಿಯುವಾಗಲೆಲ್ಲ ಈ ಪಡುವಣ ಬೆಂಗಳೂರಿನ ದಿಬ್ಬ ಕಣಿವೆಗಳು ಕಟ್ಟಡಗಳ ಅಡಿಯಿಂದ ತಮ್ಮ ಮೂಲ ಆಕಾರವನ್ನು ಹೇಳಿಕೊಳ್ಳುತ್ತವೆ.

ಈ ದಾರಿಯುದ್ದಕ್ಕೂ ನನ್ನ ಮನಸ್ಸು ಮಾತ್ರ ಇಂಗ್ಲಿಷ್ ಕಾಲುವೆಯ ದಂಡೆಯಲ್ಲಿದೆ. ಕ್ರಿ.ಶ. 43ರ ಬೇಸಗೆ. ಮುಜಿರಿಸ್‌ಗೆ ಹೊರಟ ಹಡಗುಗಳನ್ನು ನಮ್ಮ ಮುಂಗಾರು ನೂಕುತ್ತಿದ್ದ ಅದೇ ತಿಂಗಳುಗಳಲ್ಲಿ, ಸುಮಾರು ನಲವತ್ತು ಸಾವಿರ ರೋಮನ್ ಸೈನಿಕರು ಬ್ರಿಟನ್ ದ್ವೀಪಕ್ಕೆ ನುಗ್ಗಲು ಸೇರಿದ್ದರು. ಸೇನಾಪತಿ ಔಲಸ್ ಪ್ಲಾಟಿಯಸ್. ಸೈನಿಕರು ಹಡಗು ಹತ್ತಲು ಒಲ್ಲೆವೆಂದು ಕೂತರು. ಅವರ ಭಯ ಶತ್ರುವಿನದ್ದಲ್ಲ, ಮಹಾಸಾಗರದ್ದು: ಆ ನೀರಿನಾಚೆ ಮನುಷ್ಯರ ಲೋಕವೇ ಮುಗಿಯಿತೆಂಬ ನಂಬಿಕೆ. ಚಕ್ರವರ್ತಿ ಕಳಿಸಿದ ನಾರ್ಸಿಸಸ್ ಎಂಬ ಮಾಜಿ ಗುಲಾಮ ವೇದಿಕೆ ಹತ್ತಿ ಬುದ್ಧಿ ಹೇಳಲು ನಿಂತಾಗ, ಗುಲಾಮರು ಯಜಮಾನರ ವೇಷ ತೊಡುವ ತಮ್ಮ ಹಬ್ಬದ ಜಯಕಾರ ಕೂಗಿ ಸೈನಿಕರು ಗೇಲಿ ಮಾಡಿದರು. ಆಮೇಲೆ ನಗುನಗುತ್ತಲೇ ಹಡಗು ಹತ್ತಿದರು. ದಾರಿ ತೆರವಾದ ಮೇಲೆ ಕ್ಲಾಡಿಯಸ್ ತಾನೇ ಬಂದ. ಚಿಕ್ಕಂದಿನಿಂದ ಕಾಲೆಳೆದು ನಡೆಯುತ್ತಿದ್ದ, ತೊದಲುತ್ತಿದ್ದ, ಮನೆಯವರೇ ಕೀಳಾಗಿ ಕಂಡಿದ್ದ ಐವತ್ತು ದಾಟಿದ ಮನುಷ್ಯ. ದಂಡಯಾತ್ರೆಗೆಂದು ಕೂಡಿಸಿದ್ದವುಗಳಲ್ಲಿ ಆನೆಗಳೂ ಇದ್ದವೆಂದು ಇತಿಹಾಸಕಾರ ಡಿಯೊ ಬರೆಯುತ್ತಾನೆ. ಹದಿನಾರು ದಿನ ಬ್ರಿಟನ್ನಿನಲ್ಲಿದ್ದು, ಕಮುಲೊಡುನಮ್ ಊರನ್ನು ಗೆದ್ದು, ಆತ ರೋಮಿಗೆ ಮರಳಿದ. ಆಗ ಲಂಡನ್ ಎಂಬ ಊರು ಇನ್ನೂ ಇಲ್ಲ. ಥೇಮ್ಸ್ ದಂಡೆಯಲ್ಲಿ ರೋಮನ್ನರು ಅದನ್ನು ಕಟ್ಟಲು ಕೆಲವು ವರ್ಷ ಬೇಕು.

ಆ ದಂಡಿನ ಒಬ್ಬ ಸೈನಿಕನ ವರ್ಷದ ಸಂಬಳ 225 ದಿನಾರಿಯಸ್. ಯಶವಂತಪುರದ ಗಂಟು ಅವನ ಎಂಟು ತಿಂಗಳ ದುಡಿಮೆಗೂ ಮಿಗಿಲು.

ಗೊರಗುಂಟೆಪಾಳ್ಯದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಯಶವಂತಪುರ ನಿಲ್ದಾಣಕ್ಕೆ ಬರುವಾಗ ಇಳಿಬಿಸಿಲು. ಮೂರು ಭಾಷೆಯಲ್ಲಿ ಗಾಡಿಗಳ ಘೋಷಣೆ, ಇಡ್ಲಿ ವಡೆಯ ಕೂಗು, ಟ್ರಂಕು ಸೂಟ್‌ಕೇಸುಗಳ ಗಾಲಿಯ ಕರಕರ. ದೂರದ ಊರುಗಳಿಗೆ ಹೊರಟವರು ಮೂಟೆಗಳ ಮೇಲೆ ತಲೆಯಿಟ್ಟು ಮಲಗಿದ್ದಾರೆ. ಹಳಿಗಳ ನಡುವೆ ಜಲ್ಲಿಕಲ್ಲು, ಅದರ ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಮಣ್ಣು. ನಾನು ಹಳಿಯ ಕಡೆ ಬಗ್ಗಿ ನೋಡುವುದನ್ನು ಕಂಡು ಕೆಂಪಂಗಿಯ ಹಮಾಲರೊಬ್ಬರು ಹತ್ತಿರ ಬರುತ್ತಾರೆ.

"ಏನಾದ್ರೂ ಬೀಳ್ಸಿದ್ರಾ ಸಾರ್?"

ನಾನು ಬೀಳಿಸಿದ್ದಲ್ಲ, ಎರಡು ಸಾವಿರ ವರ್ಷದ ಹಿಂದೆ ಈ ಸೀಮೆಯಲ್ಲಿ ಯಾರೋ ಹೂತಿಟ್ಟದ್ದು ಎಂದು ಕತೆ ಹೇಳುತ್ತೇನೆ. ಹೆಗಲ ವಸ್ತ್ರ ತೆಗೆದು ಮುಖ ಒರೆಸಿಕೊಂಡು ಪೂರ್ತಿ ಕೇಳುತ್ತಾರೆ. "ನಮ್ ಯಶವಂತಪುರದಾಗಾ? ರೋಮ್ ರಾಜಂದಾ?" ಎಂದು ಎರಡೆರಡು ಸಲ ಕೇಳಿ, ಪಕ್ಕದವರನ್ನು ಕರೆದು ಅವರಿಗೂ ಹೇಳಿಸುತ್ತಾರೆ.

ಆ ನಾಣ್ಯಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ನಮ್ಮ ದೇಶದಲ್ಲಿ ರಾಶಿ ರಾಶಿಯಾಗಿ ಸಿಕ್ಕಿರುವ ಟಿಬೇರಿಯಸನ ದಿನಾರಿಯಸ್ ಬೆರಳ ತುದಿಯಗಲದ ಬೆಳ್ಳಿಬಿಲ್ಲೆ: ಒಂದು ಕಡೆ ಎಲೆಮಾಲೆ ಮುಡಿದ ದೊರೆಯ ಪಕ್ಕಮುಖ, ಇನ್ನೊಂದು ಕಡೆ ರಾಜದಂಡ ಹಿಡಿದು ಪೀಠದಲ್ಲಿ ಕೂತ ಹೆಂಗಸು. ಕ್ಲಾಡಿಯಸನ ಕಾಲದ ಒಂದು ಪ್ರಸಂಗವನ್ನು ಪ್ಲಿನಿ ಹೇಳುತ್ತಾನೆ. ರೋಮನ್ ಸುಂಕದ ಗುತ್ತಿಗೆದಾರನ ಮನುಷ್ಯನೊಬ್ಬ ಅರೇಬಿಯಾದ ಸುತ್ತ ಹೋಗುವಾಗ ಬಿರುಗಾಳಿಗೆ ಸಿಕ್ಕಿ ಸಿಂಹಳ ದ್ವೀಪ ಸೇರಿದ. ಅಲ್ಲಿನ ರಾಜ ಅವನ ಬಳಿಯಿದ್ದ ದಿನಾರಿಯಸ್‌ಗಳನ್ನು ತೂಗಿಸಿ ನೋಡಿದ. ಮುಖಗಳು ಬೇರೆ ಬೇರೆ, ಬೇರೆ ಬೇರೆ ದೊರೆಗಳ ಕಾಲದವು. ತೂಕ ಮಾತ್ರ ಒಂದೇ. ಈ ಪ್ರಾಮಾಣಿಕತೆಗೆ ಮೆಚ್ಚಿ ಆ ರಾಜ ಕ್ಲಾಡಿಯಸನ ಆಸ್ಥಾನಕ್ಕೆ ನಾಲ್ವರು ದೂತರನ್ನು ಕಳಿಸಿದನಂತೆ. ಯಶವಂತಪುರದ ಗಂಟಿನಲ್ಲೂ ಹಲವು ದೊರೆಗಳ ಮುಖಗಳು ಒಟ್ಟಿಗೇ ಇದ್ದವು. ಅದನ್ನು ಕಟ್ಟಿದವರೂ ಅಂಗೈಯಲ್ಲಿ ತೂಗಿ, ಹಲ್ಲಿಗೆ ಕಚ್ಚಿ, ನಂಬಿಯೇ ಕೂಡಿಟ್ಟಿರಬೇಕು. ಆಮೇಲೆ ನೆಲಕ್ಕೆ ಒಪ್ಪಿಸಿ ಹೋದರು, ತೆಗೆಯಲು ಮರಳಲಿಲ್ಲ. ಊರಿನ ಇನ್ನೊಂದು ಮಗ್ಗುಲಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ನೆಲದಲ್ಲಿ, 1965ರಲ್ಲಿ ಇಂಥದ್ದೇ 256 ಬೆಳ್ಳಿ ನಾಣ್ಯಗಳು ಸಿಕ್ಕವು. ಪಡುವಣ ಕಡಲಿಂದ ಮೂಡಣಕ್ಕೆ ಹೋಗುವ ಸರಕಿನ ದಾರಿಗಳು ಈ ದಿಬ್ಬಗಳನ್ನು ಚೆನ್ನಾಗಿ ಬಲ್ಲವಾಗಿದ್ದವು ಎಂಬುದಕ್ಕೆ ಇವೆರಡು ಸಾಕ್ಷಿ ಸಾಕು.

ಈಗ 1891ರ ಆ ಗಳಿಗೆಗೆ ಬನ್ನಿ. ನನ್ನನ್ನು ಇಷ್ಟು ದೂರ ಎಳೆತಂದದ್ದು ಅದೇ. ಮೈಸೂರಿನಲ್ಲಿ ಚಾಮರಾಜ ಒಡೆಯರ ಕಾಲ. ಅವರ ಮೇಲೆ ಲಂಡನ್ನಿನಿಂದ ಆಳುವ ವಿಕ್ಟೋರಿಯಾ. ಗುದ್ದಲಿ ಹಿಡಿದ ಕೂಲಿಗೆ ಸಿಗುತ್ತಿದ್ದ ಬೆಳ್ಳಿ ರೂಪಾಯಿಯ ಮೇಲೆ ಆ ರಾಣಿಯ ಮುಖ. ಗುದ್ದಲಿಗೆ ಸಿಕ್ಕ ಬೆಳ್ಳಿಯ ಮೇಲೆ ಅವಳ ದ್ವೀಪವನ್ನೇ 1848 ವರ್ಷಗಳ ಹಿಂದೆ ಗೆದ್ದು ಆಳಿದವನ ಮುಖ. ಎರಡು ಸಾಮ್ರಾಜ್ಯಗಳು, ಒಂದರ ನೆಲವನ್ನು ಹಿಂದೊಮ್ಮೆ ಗೆದ್ದ ಇನ್ನೊಂದು, ಈ ಯಶವಂತಪುರದ ಕೆಂಪು ಮಣ್ಣಿನಲ್ಲಿ ಒಬ್ಬ ಕೂಲಿಯ ಕೈಯೊಳಗೆ ಎದುರಾದವು. ಇದಕ್ಕಿಂತ ದೊಡ್ಡ ದೃಶ್ಯವನ್ನು ಲೋಕದ ಯಾವ ರೈಲು ನಿಲ್ದಾಣವೂ ತನ್ನದೆಂದು ಹೇಳಿಕೊಳ್ಳಲಾರದು.

ನಮ್ಮ ಮಕ್ಕಳಿಗೆ ಬೆಂಗಳೂರಿನ ಕತೆಯನ್ನು 1537ರ ಕೆಂಪೇಗೌಡರಿಂದ ಶುರು ಮಾಡಿ ಹೇಳುತ್ತೇವೆ. ಅವರ ನೇಗಿಲ ಗೆರೆಗೆ ಕೈಮುಗಿಯೋಣ. ಜೊತೆಗೆ ಅದಕ್ಕೂ ಒಂದೂವರೆ ಸಾವಿರ ವರ್ಷ ಹಿಂದೆ ಇಲ್ಲಿ ಬದುಕಿದವರನ್ನು, ಲೋಕದೊಂದಿಗೆ ಕೊಡುಕೊಳ್ಳುವ ನಂಟಿದ್ದವರನ್ನು ಮಕ್ಕಳಿಗೆ ಪರಿಚಯಿಸೋಣ. ಯಶವಂತಪುರ ನಿಲ್ದಾಣದಲ್ಲಿ, ಜನ ಗಾಡಿಗಾಗಿ ಕಾಯುವ ಕಡೆ, ಈ ನಾಣ್ಯಗಳ ಚಿತ್ರವಿರುವ ಒಂದು ಕನ್ನಡ ಫಲಕ ನಿಲ್ಲಲಿ. ರೈಲ್ವೆಯವರೂ, ಪುರಾತತ್ವ ಇಲಾಖೆಯವರೂ, ಈ ಊರಿನ ಕನ್ನಡ ಸಂಘಗಳೂ ಕೂಡಿದರೆ ಇದು ದೊಡ್ಡ ಕೆಲಸವೇನಲ್ಲ. ಫಲಕದ ಮೊದಲ ಸಾಲಿನಲ್ಲಿ 1891 ಎಂಬ ವರ್ಷ ಇರಲಿ, ಎರಡನೆಯ ಸಾಲಿನಲ್ಲಿ ಆ ಚಕ್ರವರ್ತಿಗಳ ಹೆಸರು.